ವೀರಗಲ್ಲೂ ಪುಸ್ತಕದ ಹುಳುವೂ

ಬೆಂಗಳೂರಿನಿಂದ ಹೊಸೂರು ರಸ್ತೆ ಹಿಡಿದು ಹೊರಟು, ಬೊಮ್ಮನಹಳ್ಳಿಯ ಬಳಿ ಬಲಕ್ಕೆ ತಿರುಗಿದರೆ ಬೇಗೂರು ಸಿಕ್ಕುತ್ತದೆ. ದೊಡ್ಡ ಕೆರೆ, ಹಾಳುಬಿದ್ದ ಮಣ್ಣಿನ ಕೋಟೆ, ಗಂಗರ ಕಾಲದ ನಾಗೇಶ್ವರ ದೇವಸ್ಥಾನ, ಇಷ್ಟು ಆ ಊರಿನ ಹಳೆಯ ಆಸ್ತಿ. ಈಗ ಇವುಗಳ ಸುತ್ತ ಬಹುಮಹಡಿಯ ಮನೆಗಳು ಎದ್ದು ನಿಂತಿವೆ. ಗಂಗರ ಕಾಲದಲ್ಲಿ ಈ ಊರಿಗೆ ಬೆಂಪೂರು ಎಂದು ಹೆಸರಿತ್ತು. ಹನ್ನೆರಡು ಹಳ್ಳಿಗಳ ಒಂದು ನಾಡಿಗೆ ಇದು ತಲೆಯೂರಾಗಿತ್ತು. ಈ ಸಂಗತಿ ನಮಗೆ ತಿಳಿದುಬಂದಿರುವುದು ಎರಡು ಕಲ್ಲುಗಳಿಂದ.

ಮೊದಲನೆಯದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ದೊಡ್ಡ ವೀರಗಲ್ಲು. ಆನೆ, ಬಿಲ್ಲಾಳು, ಕತ್ತಿಯಾಳುಗಳ ಕಿಕ್ಕಿರಿದ ಕಾಳಗವನ್ನು ಅದರ ಮೇಲೆ ಕಂಡರಿಸಿದ್ದಾರೆ. ಗಂಗರ ಎರೆಯಪ್ಪನ ಆಜ್ಞೆಯಂತೆ ನಾಗತ್ತರನೆಂಬವನು ಅಯ್ಯಪದೇವನ ನೆರವಿಗೆ ಹೋಗಿ, ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯವನ್ನೆದುರಿಸಿ, ಆನೆಗಳ ನಡುವೆ ನುಗ್ಗಿ ಸತ್ತ ಕಥೆ ಅದು. ಸತ್ತವನ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಎರೆಯಪ್ಪ ಕಲ್ನಾಡಾಗಿ ಕೊಟ್ಟ. ಎರಡನೆಯದು ಬೇಗೂರಿನ ದೇವಸ್ಥಾನದಲ್ಲೇ ಇದ್ದ ಸಣ್ಣ ಬರಹ. ಸುಮಾರು ಕ್ರಿ.ಶ. 890ರ ಕಾಲದ್ದು. ಅದೇ ನಾಗತ್ತರನ ಮನೆಗೆ ಸೇರಿದವರೊಬ್ಬರು ಬೆಂಗಳೂರ ಕಾಳಗದಲ್ಲಿ ಮಡಿದರೆಂದು ಅದು ಹೇಳುತ್ತದೆ. ಈ ಮಹಾನಗರದ ಹೆಸರು ಇತಿಹಾಸದಲ್ಲಿ ಮೊಟ್ಟಮೊದಲು ಕಾಣಿಸಿಕೊಳ್ಳುವುದು ಆ ಸಾಲಿನಲ್ಲಿ.

ಕಾದಿದವನಿಗೆ ಕಲ್ಲು ಸಿಕ್ಕಿತು, ಊರು ಸಿಕ್ಕಿತು. ಸಾವಿರ ವರ್ಷದ ಮೇಲೆ ಆ ಕಲ್ಲಿನ ಮುಂದೆ ಮಂಡಿಯೂರಿ ಕುಳಿತು, ಧೂಳು ಒರಸಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದವನಿಗೆ ಏನು ಸಿಕ್ಕಿತು? ಕಾದುವವನಿಗೆ ನಮ್ಮ ಸಮಾಜ ಕೊಟ್ಟ ಮರ್ಯಾದೆಗೂ ಓದುವವನಿಗೆ ಕೊಟ್ಟ ಮರ್ಯಾದೆಗೂ ಇರುವ ಅಂತರವನ್ನು ಕುರಿತು ಆಲೋಚಿಸಲು ಬೇಗೂರಿಗಿಂತ ಒಳ್ಳೆಯ ಸ್ಥಳ ಬೇರೆ ಇಲ್ಲ.

*

ಓದಿನಲ್ಲಿ ಮುಳುಗಿದವನನ್ನು ಹಾಸ್ಯ ಮಾಡಲು ಕನ್ನಡದಲ್ಲಿ ಮಾತುಗಳಿಗೆ ಬಡತನವಿಲ್ಲ. ಪುಸ್ತಕದ ಹುಳು ಎನ್ನುತ್ತೇವೆ. ಅವನ ವಿದ್ಯೆಯನ್ನು ಪುಸ್ತಕದ ಬದನೆಕಾಯಿ ಎನ್ನುತ್ತೇವೆ. ಹಾಳೆಯ ಮೇಲಿನ ಬದನೆಕಾಯಿಯಿಂದ ಹುಳಿ ಮಾಡಲು ಬರುವುದಿಲ್ಲವಷ್ಟೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಲೆಕ್ಕ ಹಾಕಿ ತೋರಿಸುತ್ತೇವೆ. ಓದಿ ಓದಿ ಮರುಳಾದ ಕೂಚಂಭಟ್ಟನಂತೂ ಗಾದೆಯಲ್ಲಿ ಅಜರಾಮರನಾಗಿದ್ದಾನೆ. ದಪ್ಪ ಕನ್ನಡಕ ಹಾಕಿದ ಹುಡುಗ ಶಾಲೆಯಲ್ಲಿ ಸೋಡಾಬುಡ್ಡಿ. ಬೆಂಗಳೂರಿನ ಕಾಲೇಜುಗಳಲ್ಲಿ ಇವೆಲ್ಲವನ್ನೂ ಒಂದೇ ಮಾತಿನಲ್ಲಿ ಅಡಕಮಾಡಿ ಕುಡುಮಿ ಎಂದರು. ತಮಿಳಿನಲ್ಲಿ ಕುಡುಮಿ ಎಂದರೆ ಜುಟ್ಟು. ತೂಕಡಿಕೆ ಬಂದರೆ ಎಳೆದು ಎಚ್ಚರಿಸಲೆಂದು ಜುಟ್ಟನ್ನು ಗೋಡೆಯ ಗೂಟಕ್ಕೆ ಕಟ್ಟಿಕೊಂಡು ರಾತ್ರಿಯೆಲ್ಲ ಓದುತ್ತಿದ್ದ ವಿದ್ಯಾರ್ಥಿಗಳ ಕಥೆಗಳು ನಮ್ಮ ಅಜ್ಜಂದಿರ ಕಾಲದಲ್ಲಿ ಮನೆಮನೆಯಲ್ಲೂ ಇದ್ದವು. ಜುಟ್ಟು ಹೋಗಿ ಕ್ರಾಪು ಬಂದರೂ ಹೆಸರು ಉಳಿಯಿತೆಂದು ತೋರುತ್ತದೆ.

ಇದು ನಮ್ಮ ದೇಶದ ಗುಣ ಮಾತ್ರವಲ್ಲ. ಅಮೆರಿಕದವರ ನರ್ಡ್ ಎಂಬ ಶಬ್ದ 1950ರಲ್ಲಿ ಡಾಕ್ಟರ್ ಸೂಸ್ ಎಂಬ ಹೆಸರಿನಿಂದ ಬರೆಯುತ್ತಿದ್ದವರ ಮಕ್ಕಳ ಪುಸ್ತಕವೊಂದರಲ್ಲಿ ಒಂದು ವಿಚಿತ್ರ ಪ್ರಾಣಿಯ ಹೆಸರಾಗಿ ಅಚ್ಚಾಯಿತು. 1951ರ ವೇಳೆಗೆ ಡೆಟ್ರಾಯಿಟ್ ನಗರದ ಹುಡುಗರು ತಮ್ಮ ಗುಂಪಿಗೆ ಹೊಂದದ ಪೆದ್ದನಿಗೆ ಆ ಹೆಸರಿಟ್ಟಿದ್ದರು. ನಮ್ಮ ಕುಡುಮಿಗೂ ಅವರ ನರ್ಡ್‌ಗೂ ಒಂದು ವ್ಯತ್ಯಾಸವುಂಟು. ಅವನು ಯಾವುದಾದರೊಂದು ವಿಷಯದ ಹುಚ್ಚು ಹಿಡಿಸಿಕೊಂಡವನು; ನಮ್ಮವನು ಪರೀಕ್ಷೆಗೆ ಓದುವವನು. ಈ ವ್ಯತ್ಯಾಸ ಸಣ್ಣದಲ್ಲ. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ.

*

ಓದಿನವನಿಗೂ ಕತ್ತಿಯವನಿಗೂ ಇದ್ದ ತಕರಾರು ಕನ್ನಡ ನಾಡಿನ ಚರಿತ್ರೆಯಷ್ಟೇ ಹಳೆಯದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ ಕುಬ್ಜನೆಂಬ ಕವಿ 5ನೆಯ ಶತಮಾನದಲ್ಲಿ ರಚಿಸಿದ ಶಾಸನವಿದೆ. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನು ಗುರು ವೀರಶರ್ಮನೊಡನೆ ಓದಲೆಂದು ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆಯ ಸವಾರನೊಬ್ಬನೊಡನೆ ಜಗಳವಾಯಿತು. ವಿದ್ಯೆ ಎಷ್ಟಿದ್ದರೇನು, ಬಲವುಳ್ಳವರ ಮುಂದೆ ಅದು ದುರ್ಬಲವಲ್ಲವೆ ಎಂದು ನೊಂದು ಅವನು ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಕನ್ನಡಿಗರ ಮೊದಲ ರಾಜವಂಶ ಹುಟ್ಟಿದ್ದು ಹೀಗೆ, ಅವಮಾನಗೊಂಡ ಒಬ್ಬ ವಿದ್ಯಾರ್ಥಿಯ ಕೋಪದಿಂದ. ಆದರೆ ಅವನು ಗೌರವ ಸಂಪಾದಿಸಿದ್ದು ಪುಸ್ತಕವನ್ನು ಕೆಳಗಿಟ್ಟ ಮೇಲೆ ಎಂಬುದನ್ನು ಮರೆಯುವಂತಿಲ್ಲ.

ಬೇಗೂರಿನ ಬರಹಕ್ಕಿಂತ ನಲವತ್ತು ವರ್ಷ ಹಿಂದೆ, ಸುಮಾರು 850ರಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ನಮಗೆ ದೊರೆತ ಮೊದಲ ಕನ್ನಡ ಗ್ರಂಥವದು. ಅದರಲ್ಲಿ ನಾಡವರನ್ನು ಹೊಗಳಿರುವ ರೀತಿ ಗಮನಿಸತಕ್ಕದ್ದು: ಈ ಜನ ಕುಳಿತು ಓದದೆಯೇ ಕಾವ್ಯ ಬಲ್ಲವರಂತೆ. ಅಂದರೆ ನಮ್ಮ ಮೊದಲ ಪುಸ್ತಕವೇ ಪುಸ್ತಕ ಓದದವರ ಬುದ್ಧಿಯನ್ನು ಮೆಚ್ಚಿಕೊಂಡಿದೆ. ಹೊಲ, ಮಗ್ಗ, ಕುಲುಮೆಗಳಲ್ಲಿ ಬೆಳೆದ ವಿವೇಕಕ್ಕೆ ಸಲ್ಲಬೇಕಾದ ಗೌರವ ಅದು. ಪುಸ್ತಕದ ಬದನೆಕಾಯಿ ಎಂಬ ಮಾತಿನಲ್ಲಿ ಸ್ವಲ್ಪ ನ್ಯಾಯವೂ ಇದೆ ಎಂದು ನಾವು ಒಪ್ಪಬೇಕು. ಓದುವ ಹಕ್ಕು ಕೆಲವು ಜಾತಿಗಳ ಸೊತ್ತಾಗಿದ್ದ ಕಾಲದಲ್ಲಿ, ಓದಲು ಬಿಡದ ಜನ ಓದಿದವನನ್ನು ನಕ್ಕರೆ ಅದನ್ನು ಅಸೂಯೆ ಎಂದು ತಳ್ಳಿಹಾಕಲಾಗದು.

ಆದರೂ ಅದೇ ಸಮಾಜ ಓದುವ ಹುಡುಗನಿಗೆ ಅನ್ನ ಹಾಕಿತು. ಹಳೆಯ ಮೈಸೂರಿನ ವಾರಾನ್ನದ ಪದ್ಧತಿ ಅನೇಕರಿಗೆ ನೆನಪಿರಬಹುದು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹಳ್ಳಿಯಿಂದ ಬಂದ ಬಡ ವಿದ್ಯಾರ್ಥಿ ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದುತ್ತಿದ್ದ. ಎಲೆಯ ಮುಂದೆ ಕುಳಿತ ಅವನನ್ನು ಮನೆಯ ಮಕ್ಕಳು ಹಾಸ್ಯ ಮಾಡುತ್ತಿದ್ದರು, ಮನೆಯಾಕೆ ಬಡಿಸುತ್ತಿದ್ದಳು. ಓದಿನವನ ಬಗ್ಗೆ ನಮಗಿದ್ದ ಎರಡು ಮನಸ್ಸೂ ಆ ಎಲೆಯ ಸುತ್ತ ಒಟ್ಟಿಗೆ ಕಾಣುತ್ತಿದ್ದವು. ಆದರೆ ಈ ಅನ್ನವೂ ಬಹುಮಟ್ಟಿಗೆ ಜಾತಿಯನ್ನು ನೋಡಿಯೇ ಬೀಳುತ್ತಿತ್ತು.

*

ಹತ್ತೊಂಬತ್ತನೆಯ ಶತಮಾನದಲ್ಲಿ ಇನ್ನೊಂದು ಬಗೆಯ ಓದುಗ ನಮ್ಮಲ್ಲಿ ಕಾಣಿಸಿಕೊಂಡ. ಇವನದು ಪರೀಕ್ಷೆಗಾಗಲಿ ಪೌರೋಹಿತ್ಯಕ್ಕಾಗಲಿ ಓದಿದ ಓದಲ್ಲ, ಬರಿಯ ಹುಚ್ಚು.

ಫರ್ಡಿನೆಂಡ್ ಕಿಟ್ಟೆಲರು ಮತಪ್ರಚಾರಕ್ಕೆಂದು ಬಂದವರು. ಅವರು ಪದಗಳ ಬೆನ್ನು ಹತ್ತಿದರು. ಸುಮಾರು 70,000 ಶಬ್ದಗಳ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಬಂದ ಕೆಲಸ ಬಿಟ್ಟು ಬೇರೆ ಕೆಲಸ ಹಿಡಿದರೆಂಬ ಅಸಮಾಧಾನ ಅವರ ಮಿಷನ್ನಿನವರಲ್ಲೇ ಇತ್ತು. ಬೆಂಗಳೂರಿನಲ್ಲೇ ಹುಟ್ಟಿದ ಬೆಂಜಮಿನ್ ಲೂಯಿಸ್ ರೈಸ್ ವಿದ್ಯಾ ಇಲಾಖೆಯ ಅಧಿಕಾರಿಯಾಗಿದ್ದು, ಶಾಲೆಗಳ ತನಿಖೆಗೆ ಸುತ್ತುವಾಗ ಊರಂಚಿನ ಬರೆದ ಕಲ್ಲುಗಳಿಗೆ ಮನಸೋತರು. ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಅವರು ಕೂಡಿಹಾಕಿದ ಶಾಸನಗಳು ಒಂಬತ್ತು ಸಾವಿರಕ್ಕೆ ಸ್ವಲ್ಪವೇ ಕಡಿಮೆ. ಬೆಂಗಳೂರು ಜಿಲ್ಲೆಯ ಸಂಪುಟ ಹೊರಬಿದ್ದದ್ದು 1905ರಲ್ಲಿ.

1906ರಲ್ಲಿ ರೈಸರ ಸ್ಥಾನಕ್ಕೆ ಬಂದವರು ಆರ್. ನರಸಿಂಹಾಚಾರ್ಯರು. ಒಂದು ಕಡೆ ಸಾವಿರಕ್ಕೂ ಮೇಲ್ಪಟ್ಟು ಕವಿಗಳ ಕಾಲ ದೇಶಗಳನ್ನು ಗೊತ್ತುಪಡಿಸಿದ ‘ಕರ್ಣಾಟಕ ಕವಿಚರಿತೆ’, ಇನ್ನೊಂದು ಕಡೆ ಹಳ್ಳಿಹಳ್ಳಿಯ ಕಲ್ಲು. ಬೇಗೂರಿನ ದೇವಸ್ಥಾನದಲ್ಲಿ ಬೆಂಗಳೂರ ಕಾಳಗದ ಸಾಲನ್ನು ಬೆಳಕಿಗೆ ತಂದವರು ಅವರೇ. ಹೊಯ್ಸಳ ಬಲ್ಲಾಳನು ಬೇಟೆಯಲ್ಲಿ ದಾರಿ ತಪ್ಪಿ, ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳು ತಿಂದದ್ದರಿಂದ ಬೆಂದಕಾಳೂರಾಯಿತೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಬಲ್ಲಾಳ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಹಿಂದೆ ಊರಿಗೆ ಆ ಹೆಸರಿತ್ತೆಂದು ಒಂದು ಸಾಲು ತೋರಿಸಿಕೊಟ್ಟಿತು. ಕಥೆ ಈಗಲೂ ರುಚಿಯಾಗಿದೆ. ಆದರೆ ಅದು ಕಥೆ ಎಂದು ನಮಗೆ ಗೊತ್ತಾಗಿದೆ.

ಆ ಕೆಲಸ ನಡೆಯುವ ಬಗೆಯನ್ನು ಕಂಡವರಿಗೆ ಅದೊಂದು ತಮಾಷೆಯಾಗಿಯೇ ತೋರಬೇಕು. ಕಲ್ಲನ್ನು ಕುಂಚದಿಂದ ಉಜ್ಜಿ ತೊಳೆಯಬೇಕು. ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಅಕ್ಷರದ ಗುಳಿಯೊಳಕ್ಕೆ ಇಳಿಯುವಂತೆ ತಟ್ಟಬೇಕು. ಬಳಿಕ ಮಸಿಯ ಉಂಡೆಯನ್ನು ಒತ್ತಿದರೆ ಅಕ್ಷರಗಳು ಬೆಳ್ಳಗೂ ಉಳಿದ ಜಾಗ ಕಪ್ಪಗೂ ಮೂಡಿ ಪಡಿಯಚ್ಚು ಸಿದ್ಧವಾಗುತ್ತದೆ. ಬಿಸಿಲಿನಲ್ಲಿ ಇಷ್ಟು ಪಾಡು ಪಡುವವನು ಹುಚ್ಚನಿರಬೇಕು, ಇಲ್ಲವೆ ನಿಧಿಯ ಗುಟ್ಟು ತಿಳಿದವನಿರಬೇಕು ಎಂದು ಹಳ್ಳಿಯವರು ಭಾವಿಸಿದರೆ ತಪ್ಪೇನು? ನಿಧಿಯ ಆಸೆಗೆ ಒಡೆದುಹೋದ ಶಾಸನಗಳು ನಾಡಿನಲ್ಲಿ ಅನೇಕ.

ಇಂಥ ಹುಚ್ಚಿಗೆ ಮರ್ಯಾದೆ ದೊರೆತದ್ದು ಹೊರಗಿನಿಂದ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ತಾಳೆಗರಿಗಳ ನಡುವೆ ಕುಳಿತಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಗುರುತಿಸಿ, 1909ರಲ್ಲಿ ಅಚ್ಚುಹಾಕಿಸಿದರು. ಅದುವರೆಗೆ ಹೆಸರು ಮಾತ್ರ ಕೇಳಿದ್ದ ಗ್ರಂಥ ಕೈಗೆ ಸಿಕ್ಕಾಗ ಯೂರೋಪಿನ ವಿದ್ವಾಂಸರು ಬೆರಗಾದರು. ಜರ್ಮನಿಗೆ ಹೋಗಿದ್ದ ಮೈಸೂರಿನ ಮಹಾರಾಜರನ್ನು ಅಲ್ಲಿನವರು ‘ಶಾಮಶಾಸ್ತ್ರಿಗಳ ಊರಿನವರೆ?’ ಎಂದು ವಿಚಾರಿಸಿದರೆಂಬ ಕಥೆ ನಮ್ಮಲ್ಲಿ ಬಹಳ ಕಾಲದಿಂದ ಓಡಾಡುತ್ತಿದೆ. ನಿಜವಿರಲಿ ಬಿಡಲಿ, ಅದನ್ನು ನಾವು ಇಷ್ಟು ಸಂತೋಷದಿಂದ ಹೇಳಿಕೊಳ್ಳುವುದರಲ್ಲಿ ಒಂದು ಅರ್ಥವಿದೆ. ಮನೆಯ ಪುಸ್ತಕದ ಹುಳುವನ್ನು ಪರದೇಶದವರು ಮೆಚ್ಚಿದ ಮೇಲೆ ಮಣೆ ಹಾಕುವುದು ನಮ್ಮ ವಾಡಿಕೆ.

ಅದೇ ಕಾಲದಲ್ಲಿ ಮನೆಯೊಳಗಿನ ಆದರ ಎಷ್ಟಿತ್ತೆಂಬುದಕ್ಕೆ ಇನ್ನೊಂದು ಸಾಕ್ಷಿಯುಂಟು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಸೇರಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಬೆಂಗಳೂರಿನಿಂದ ಹೊರಡಿಸಿದರು. ನಕ್ಷತ್ರ, ಪೈರು, ರೋಗ, ಯಂತ್ರಗಳ ವಿಷಯವನ್ನು ತಿಳಿಗನ್ನಡದಲ್ಲಿ ಹೇಳಿದ ಪತ್ರಿಕೆ ಅದು. ಎರಡು ವರ್ಷಕ್ಕೆ ನಿಂತುಹೋಯಿತು.

*

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕುಡುಮಿಯಾಗುವ ಹಕ್ಕಾದರೂ ಯಾರಿಗಿತ್ತು? 1918ರಲ್ಲೇ ಮೈಸೂರು ಸರ್ಕಾರ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಸರ್ಕಾರಿ ನೌಕರಿಗಳು ಒಂದೇ ಜಾತಿಯವರಲ್ಲಿ ಶೇಖರವಾಗಿರುವುದನ್ನು ಸರಿಪಡಿಸುವ ದಾರಿ ಕಾಣುವುದು ಅದರ ಕೆಲಸ. ಆ ಹೊತ್ತಿಗೆ ಬೇರೆ ಬೇರೆ ಸಮುದಾಯಗಳ ಸಂಘಗಳು ಬೆಂಗಳೂರಿನಲ್ಲಿ ತಮ್ಮ ಮಕ್ಕಳಿಗಾಗಿ ವಿದ್ಯಾರ್ಥಿನಿಲಯಗಳನ್ನು ತೆರೆಯತೊಡಗಿದ್ದವು. ವಾರಾನ್ನ ಯಾರಿಗೆ ಸಿಕ್ಕುತ್ತಿರಲಿಲ್ಲವೋ ಅವರಿಗೆ ಹಾಸ್ಟೆಲಿನ ಅನ್ನ ಸಿಕ್ಕಿತು. ಓದುವ ಹುಡುಗನ ಚಿತ್ರ ಬದಲಾದದ್ದು ಅಲ್ಲಿಂದ ಮುಂದೆ.

ಹೆಂಗಸರ ದಾರಿ ಇನ್ನೂ ಕಷ್ಟದ್ದು. 1933ರಲ್ಲಿ ಮುಂಬಯಿಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಕಮಲಾ ಭಾಗವತ ಎಂಬಾಕೆಗೆ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ನರು ಹೆಂಗಸೆಂಬ ಕಾರಣಕ್ಕೆ ಮೊದಲು ಪ್ರವೇಶ ಕೊಡಲಿಲ್ಲ. ಆಕೆ ಪಟ್ಟು ಬಿಡದೆ ನಿಂತದ್ದರಿಂದ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. 1939ರಲ್ಲಿ ಆಕೆ ಕೇಂಬ್ರಿಜ್ಜಿನಿಂದ ಡಾಕ್ಟರ್ ಪದವಿ ಪಡೆದರು. ಕರ್ನಾಟಕದಲ್ಲೇ ಹುಟ್ಟಿ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ರಾಜೇಶ್ವರಿ ಚಟರ್ಜಿಯವರು 1943ರಲ್ಲಿ ಅದೇ ಸಂಸ್ಥೆಗೆ ಸೇರಿ, 1953ರಲ್ಲಿ ಮಿಷಿಗನ್ನಿನಿಂದ ಡಾಕ್ಟರ್ ಪದವಿ ತಂದು, ಅಲ್ಲಿನ ಮೊದಲ ಮಹಿಳಾ ಎಂಜಿನಿಯರ್ ಎನಿಸಿದರು. ಗಂಡು ಓದಿದರೆ ಪುಸ್ತಕದ ಹುಳು. ಹೆಣ್ಣು ಓದಿದರೆ ಮದುವೆಯಾಗದೆ ಉಳಿದಾಳೆಂಬ ಭಯ. ಆ ಭಯವನ್ನು ಹಾಯ್ದು ಬಂದ ಹೆಣ್ಣುಮಕ್ಕಳಿಗೆ ಯಾರೂ ಗಾದೆ ಕಟ್ಟಲಿಲ್ಲ.

ದಕ್ಷಿಣ ಬೆಂಗಳೂರಿನಲ್ಲಿ ಓದಿನ ಹುಚ್ಚನ್ನು ಊರಿನ ಹಬ್ಬ ಮಾಡಿದವರು ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ. 1935ರಲ್ಲಿ ಬಸ್ಸಿಗೆ ಕಾಸಿಲ್ಲದೆ ಎರಡು ದಿನ ನಡೆದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದು ಸೇರಿದರು. ಭೌತವಿಜ್ಞಾನ ಓದಿ, ಅಮೆರಿಕದಲ್ಲಿ ಡಾಕ್ಟರ್ ಪದವಿ ಪಡೆದು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದರೂ ಮನೆ ಕಟ್ಟಲಿಲ್ಲ, ಮದುವೆಯಾಗಲಿಲ್ಲ. 2005ರಲ್ಲಿ ತೀರಿಕೊಳ್ಳುವವರೆಗೆ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯೇ ಅವರ ಸಂಸಾರ. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ವಾರಕ್ಕೊಂದು ಉಪನ್ಯಾಸ ಏರ್ಪಡಿಸುತ್ತ ಬಂತು. ಕಛೇರಿ ಮುಗಿಸಿ ಬಂದ ಗುಮಾಸ್ತರು, ಪಿಂಚಣಿದಾರರು, ಹುಡುಗ ಹುಡುಗಿಯರು ಪರಮಾಣುವಿನ ವಿಷಯ ಕೇಳಲು ಬಂದು ಕುಳಿತರು. ಪರೀಕ್ಷೆಯಲ್ಲಿ ಬರಲಾರದ ಪ್ರಶ್ನೆಗಳನ್ನು ಕೇಳಲು ಅಲ್ಲಿ ಯಾರೂ ನಾಚಲಿಲ್ಲ.

*

ಈಗ ಬೇಗೂರಿಗೆ ಹಿಂದಿರುಗೋಣ. ವೀರಗಲ್ಲಿನಲ್ಲಿ ಹೇಳಿರುವ ಹನ್ನೆರಡು ಹಳ್ಳಿಗಳ ಪಟ್ಟಿಯಲ್ಲಿ ತೋವಗೂರು ಎಂಬ ಹೆಸರಿದೆ. ಕೂಡಲೆ ಎಂಬ ಹೆಸರಿದೆ. ಬೇಗೂರು ಹೋಬಳಿಯ ದೊಡ್ಡತೋಗೂರನ್ನೂ ಪಕ್ಕದ ಕೂಡ್ಲುವನ್ನೂ ಬಲ್ಲವರು ಈ ಹೆಸರುಗಳನ್ನು ಕೂಡಲೇ ಗುರುತು ಹಿಡಿಯುತ್ತಾರೆ. 1970ರ ದಶಕದಲ್ಲಿ ಕಿಯೋನಿಕ್ಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗರು ಎಲೆಕ್ಟ್ರಾನಿಕ್ಸ್ ಕೈಗಾರಿಕೆಗೆಂದೇ ಒಂದು ನಗರ ಕಟ್ಟುವ ಯೋಜನೆ ಮಾಡಿದರು. ಅದಕ್ಕೆ ಆರಿಸಿದ 332 ಎಕರೆ ನೆಲ ಇದ್ದದ್ದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನಲ್ಲಿ. ಆನೆಗಳ ನಡುವೆ ನುಗ್ಗಿ ಸತ್ತವನ ಹೆಸರಿನಲ್ಲಿ ಕೊಟ್ಟ ನೆಲ ಸಾವಿರದ ನೂರು ವರ್ಷ ಕಳೆದು ಕುಡುಮಿಗಳ ಪಾಲಿಗೆ ಬಂತು.

1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು. ಮುಂದಿನ ದಶಕದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ನೆಲೆಗೊಂಡಿತು. 1994ರಲ್ಲಿ ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆಗಾಗಿ ಸರ್ಕಾರ ಪ್ರತ್ಯೇಕ ಘಟಕವನ್ನೇ ತೆರೆಯಿತು. ಬಸವನಗುಡಿ, ಜಯನಗರ, ಬನಶಂಕರಿಗಳ ಮನೆಗಳಲ್ಲಿ ಮಾತಿನ ಧಾಟಿಯೇ ಬದಲಾಯಿತು. ಹೊರಗೆ ಹೋಗಿ ಆಡು, ಇಷ್ಟು ಓದಿದರೆ ಕಣ್ಣು ಹಾಳಾದೀತು ಎನ್ನುತ್ತಿದ್ದ ತಾಯಂದಿರು ಆಟ ಸಾಕು, ಒಳಗೆ ಬಾ ಎನ್ನತೊಡಗಿದರು. ಸೋಡಾಬುಡ್ಡಿ ಕನ್ನಡಕದ ಹುಡುಗ ವಧುವಿನ ಕಡೆಯವರಿಗೆ ಬೇಕಾದವನಾದ. ಕುಡುಮಿ ಎಂಬುದು ಬೈಗುಳವಾಗಿ ಉಳಿಯಲಿಲ್ಲ. ತಮ್ಮನ್ನು ತಾವೇ ನಗುತ್ತ ಕುಡುಮಿ ಎಂದು ಕರೆದುಕೊಳ್ಳುವವರೂ ಆದರು.

ಹಾಗಾದರೆ ಓದಿನವನು ಗೆದ್ದನೆ? ಅವಸರದಿಂದ ಹೌದೆನ್ನಲು ಮನಸ್ಸು ಬಾರದು. ನಾವು ಒಪ್ಪಿಕೊಂಡದ್ದು ಅವನ ಸಂಬಳವನ್ನೋ, ಅವನ ಹುಚ್ಚನ್ನೋ? ಕೋಚಿಂಗ್ ತರಗತಿಗಳಿಗೆ ಬೆಳಗಿನ ಜಾವ ಹೊರಡುವ ಸಾವಿರಾರು ಮಕ್ಕಳು ಕುಡುಮಿಯ ವೇಷವನ್ನೇನೋ ಹಾಕಿದ್ದಾರೆ. ಅವರಲ್ಲಿ ಒಬ್ಬ ಹುಡುಗ ಮನೆಗೆ ಬಂದು ತಾನು ಹಳಗನ್ನಡ ಓದುತ್ತೇನೆ, ಜೇಡಗಳನ್ನು ಅಭ್ಯಾಸ ಮಾಡುತ್ತೇನೆ, ಕಲ್ಲಿನ ಲಿಪಿ ಕಲಿಯುತ್ತೇನೆ ಎಂದರೆ, ಹಿಂದಿನವರು ನಕ್ಕಂತೆ ನಾವು ನಗುವುದಿಲ್ಲ, ಗಾಬರಿಯಾಗುತ್ತೇವೆ. ನಗುವಿನಲ್ಲಿ ಸ್ವಲ್ಪ ಸಲಿಗೆಯಾದರೂ ಇತ್ತು. ಗಾಬರಿ ಬಾಗಿಲು ಮುಚ್ಚಿಬಿಡುತ್ತದೆ. ಉರು ಹೊಡೆಯುವವನಿಗೂ ಹುಚ್ಚು ಹಿಡಿದವನಿಗೂ ಇದ್ದ ವ್ಯತ್ಯಾಸವನ್ನು ನಮ್ಮ ಹಳೆಯ ಗಾದೆಗಳು ಕಾಣಲಿಲ್ಲ. ನಮ್ಮ ಹೊಸ ಮೆಚ್ಚಿಕೆಯೂ ಕಂಡಿಲ್ಲ.

ಆದರೂ ನಿರಾಶೆಗೆ ಕಾರಣವಿಲ್ಲ. 2011ರ ಫೆಬ್ರವರಿಯಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ನಡೆದ ಎಪ್ಪತ್ತೇಳನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಜಿ. ವೆಂಕಟಸುಬ್ಬಯ್ಯನವರು. ಅವರು ಕವಿಯಲ್ಲ, ಕಾದಂಬರಿಕಾರರಲ್ಲ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದುಡಿದು, ಒಂದೊಂದು ಶಬ್ದದ ಹುಟ್ಟನ್ನು ಹುಡುಕುತ್ತ ಆಯುಷ್ಯ ಕಳೆದವರು. ಆಗ ಅವರಿಗೆ ತೊಂಬತ್ತೇಳು ವರ್ಷ. ಶಬ್ದದ ಹುಚ್ಚಿನ ಆ ಜಯನಗರದ ವೃದ್ಧರನ್ನು ನೋಡಲು ಜನಸಾಗರವೇ ಸೇರಿತ್ತು. ಕಿಟ್ಟೆಲರಿಗೆ ತಮ್ಮವರಿಂದಲೇ ದೊರೆಯದಿದ್ದ ಮನ್ನಣೆಯನ್ನು ನಾಡು ಅಂದು ಇನ್ನೊಬ್ಬ ನಿಘಂಟುಕಾರನಿಗೆ ಸಲ್ಲಿಸಿತು. 2021ರಲ್ಲಿ, ನೂರೇಳನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅದೇ 2021ರಲ್ಲಿ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸೆರೆಹಿಡಿಯುವ ಕಾರ್ಯವನ್ನು ಕೈಗೊಂಡಿತು. ಅದಕ್ಕೆ ಹಿನ್ನೆಲೆಯಾಗಿ ಕೆಲವು ವರ್ಷಗಳಿಂದ ದುಡಿಯುತ್ತಿದ್ದವರು ವೃತ್ತಿಯಿಂದ ಎಂಜಿನಿಯರುಗಳೂ ಇನ್ನಿತರ ನೌಕರರೂ ಆದ ಹವ್ಯಾಸಿಗಳು. ರಜೆಯ ದಿನ ರೈಸರ ಸಂಪುಟ ಹಿಡಿದು ಹೊರಟು, ಕಲ್ಲು ಇದ್ದಲ್ಲಿ ಇದೆಯೆ ಎಂದು ನೋಡಿಬರುವುದು ಅವರ ಚಟ. ಅನೇಕ ಕಲ್ಲುಗಳು ಅಡಿಪಾಯದಲ್ಲಿ, ಚರಂಡಿಯಲ್ಲಿ, ರಸ್ತೆಯ ಕೆಳಗೆ ಹೋಗಿದ್ದವು. 2018ರಲ್ಲಿ ಹೆಬ್ಬಾಳದಲ್ಲಿ ಅಗೆಯುವಾಗ ಎದ್ದುಬಂದ, ಸುಮಾರು 750ರ ಕಿತ್ತಯ್ಯನ ಶಾಸನಕ್ಕೆ ಊರವರೂ ಇವರೂ ಸೇರಿ ಮಂಟಪ ಕಟ್ಟಿದರು. ಇವರು ನಿಧಿ ಹುಡುಕುವವರಲ್ಲ, ಸಂಬಳಕ್ಕಾಗಿ ಮಾಡುವವರಲ್ಲ. ಕಾಗದವೂ ಮಸಿಯುಂಡೆಯೂ ಇದ್ದಲ್ಲಿ ಈಗ ಬೆಳಕಿನ ಯಂತ್ರವಿದೆ, ಅಷ್ಟೆ. ಮಂಡಿಯೂರಿ ಕೂರುವ ಭಂಗಿ ನರಸಿಂಹಾಚಾರ್ಯರದೇ.

ಬೇಗೂರಿನ ದೇವಸ್ಥಾನಕ್ಕೆ ಹೋದವರು ದೇವರ ದರ್ಶನವಾದ ಮೇಲೆ ಆ ಬರಹ ಎಲ್ಲಿದೆ ಎಂದು ವಿಚಾರಿಸಬೇಕು. ಜೊತೆಗೆ ಮಕ್ಕಳಿದ್ದರೆ, ಕಲ್ಲಿನಲ್ಲಿ ಹೆಸರಿರುವುದು ಯುದ್ಧದಲ್ಲಿ ಸತ್ತವನದು, ಅದನ್ನು ಓದಿ ನಮ್ಮ ಊರಿಗೆ ವಯಸ್ಸು ಕೊಟ್ಟವನ ಹೆಸರು ಇಲ್ಲಿಲ್ಲ ಎಂದು ಹೇಳಬೇಕು. ಆ ಮಕ್ಕಳಲ್ಲಿ ಯಾರಾದರೂ ಹೊರಡಲು ಒಪ್ಪದೆ, ಅಕ್ಷರಗಳ ಮೇಲೆ ಬೆರಳಾಡಿಸುತ್ತ ಕುಳಿತುಬಿಟ್ಟರೆ, ದಯವಿಟ್ಟು ಅವಸರ ಮಾಡಬಾರದು.